ನಡುಮನೆಯಲ್ಲಿ ಮಲಗಿದ್ದ ಮೋಟಾರು

ನಮ್ಮ ಮನೆಯಲ್ಲಿ ದೇವರಿಗೊಂದು ಕೋಣೆ, ಭತ್ತಕ್ಕೊಂದು ಪಣತ, ಹಸುಗಳಿಗೊಂದು ಕೊಟ್ಟಿಗೆ ಇತ್ತು. ದೋಣಿಯ ಮೋಟಾರಿಗೆ ಮಾತ್ರ ಇಡೀ ನಡುಮನೆಯೇ ಇತ್ತು ಎಂದರೆ ತಪ್ಪಾಗಲಾರದು. ನೆಂಟರು ಬಂದು ಮಲಗಲು ಜಾಗ ಸಾಲದಿದ್ದರೆ ಅವರು ಜಗುಲಿಗೆ ಹೋಗಬೇಕಿತ್ತೇ ಹೊರತು ಅದು ಅಲ್ಲಿಂದ ಕದಲುತ್ತಿರಲಿಲ್ಲ. ಹಲಸಿನ ಹಲಗೆಯ ಗಿಡ್ಡ ಮಂಚವೊಂದರ ಮೇಲೆ ಮೈತುಂಬ ಕಂಬಳಿ ಹೊದ್ದು ಅದು ಅಂಗಾತ ಮಲಗಿರುತ್ತಿತ್ತು. ಕಂಬಳಿಯ ಒಂದು ತುದಿಯಲ್ಲಿ ಮೂರು ರೆಕ್ಕೆಯ ಹಿತ್ತಾಳೆ ಫ್ಯಾನು ಹೊರಗೆ ಚಾಚಿಕೊಂಡಿರುತ್ತಿತ್ತು, ಇನ್ನೊಂದು ತುದಿಯಲ್ಲಿ ತಲೆಯ ಮೇಲಿನ ದುಂಡು ಚಕ್ರ. ನಾನು ನಡೆಯಲು ಕಲಿತದ್ದೇ ಆ ಮಂಚದ ಅಂಚು ಹಿಡಿದು ಎಂದು ಅಜ್ಜಿ ಹೇಳುತ್ತಿದ್ದಳು. ದೇವರ ಕೋಣೆಯ ಮುಂದೆ ಓಡಾಡುವಾಗ ನನಗೆ ಅಂಥ ಭಯವೇನೂ ಆಗುತ್ತಿರಲಿಲ್ಲ. ಅಲ್ಲಿದ್ದ ದೇವರುಗಳು ದಿನಾ ನೋಡಿದ ಮುಖಗಳು. ಮೋಟಾರಿನ ಪಕ್ಕ ಹಾಯುವಾಗ ಮಾತ್ರ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ಒಳಗೆ ಬೆಂಕಿ ಇದೆಯಂತೆ, ಒಮ್ಮೆ ಎದ್ದರೆ ಹತ್ತು ಆಳಿನ ಬಲವಂತೆ ಎಂದೆಲ್ಲ ಕೇಳಿದ್ದೆ. ಅದು ಎದ್ದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಅದನ್ನು ಮನೆಗೆ ತಂದವನು ತಾತ. ಅವನು ದೋಣಿಗಲ್ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಅಲ್ಲಿದ್ದ ಬಿಳಿ ದೊರೆ ಹೊಳೆಯಲ್ಲಿ ಮೀನು ಹಿಡಿಯಲೆಂದು ಹಡಗಿನಲ್ಲಿ ತರಿಸಿಕೊಂಡ ಮೋಟಾರಂತೆ. ದೊರೆ ತನ್ನ ದೇಶಕ್ಕೆ ಹೊರಟಾಗ ಅದು ಸ್ಟೋರಿನ ಮೂಲೆಯಲ್ಲಿ ಉಳಿದುಹೋಯಿತು. ತಾತ ಕೆಲಸ ಬಿಟ್ಟು ಬರುವಾಗ ಹೊಸ ಮಾಲೀಕರು, ಏನಾದರೂ ಕೇಳಿ ಎಂದರೆ ಅವನು ಕೇಳಿದ್ದು ಇದನ್ನು. ಆಗ ನಮಗೆ ದೋಣಿಯೂ ಇರಲಿಲ್ಲ, ದೋಣಿ ಬಿಡಲು ನೀರೂ ಇರಲಿಲ್ಲ. ಹೇಮಾವತಿ ದೂರದ ತಗ್ಗಿನಲ್ಲಿ ತನ್ನ ಪಾಡಿಗೆ ತಾನು ಹರಿಯುತ್ತಿದ್ದಳು. ಚಂದ ಇತ್ತು, ಕೇಳಿದೆ ಎಂದನಂತೆ ತಾತ. ಆಮೇಲೆ ಕೆಳಗೆ ಅಣೆಕಟ್ಟು ಕಟ್ಟಿದರು. ನೀರು ಹಿಂದಕ್ಕೆ ಏರುತ್ತ ಏರುತ್ತ ಬಂದು ನಮ್ಮ ಗದ್ದೆಗಳನ್ನು ನುಂಗಿ, ಕಾಫಿ ಗಿಡಗಳ ಕೆಳಸಾಲಿಗೆ ಬಂದು ನಿಂತಿತು. ಮೋಟಾರನ್ನು ಹುಡುಕಿಕೊಂಡೇ ನೀರು ಬಂತು ಎಂಬುದು ಅಜ್ಜಿಯ ಗಟ್ಟಿ ನಂಬಿಕೆ. ಗದ್ದೆ ಹೋದ ಸಂಕಟದ ನಡುವೆಯೂ ಆ ಮಾತು ಹೇಳುವಾಗ ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆ ಇರುತ್ತಿತ್ತು.

ಆ ನೀರಿನ ಆಚೆ ದಡದಲ್ಲಿ ನನ್ನ ಅವ್ವ ಸರೋಜಳ ತವರುಮನೆ. ನಮ್ಮ ಅಂಗಳದಲ್ಲಿ ನಿಂತರೆ ಅದರ ಹೆಂಚು ಕಾಣುತ್ತಿತ್ತು, ಬೆಳಿಗ್ಗೆ ಒಲೆಯ ಹೊಗೆ ಕಾಣುತ್ತಿತ್ತು. ಅಂಗಳ ಗುಡಿಸುತ್ತ ಅವ್ವ ಆ ಹೊಗೆ ನೋಡಿ, ಇವತ್ತು ತಡವಾಗಿ ಎದ್ದಿದ್ದಾಳೆ, ಇವತ್ತು ಹಸಿ ಸೌದೆ ಹಾಕಿದ್ದಾಳೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅಲ್ಲಿದ್ದ ಅಜ್ಜಿಯನ್ನು ನಾವು ಆಚೆದಡದಜ್ಜಿ ಎಂದು ಕರೆಯುತ್ತಿದ್ದೆವು. ಕಣ್ಣಿಗೆ ಅಷ್ಟು ಹತ್ತಿರ ಇದ್ದವಳು ಕಾಲಿಗೆ ಬಲು ದೂರ ಇದ್ದಳು. ಟಾರು ರಸ್ತೆಯವರೆಗೆ ನಡೆದು, ಆಲೂರಿಗೆ ಒಂದು ಬಸ್ಸು ಹಿಡಿದು, ಅಲ್ಲಿ ಕಾದು ಇನ್ನೊಂದು ಹತ್ತಿ, ಇಳಿದು ಮತ್ತೆ ನಡೆದರೆ ಬೆಳಿಗ್ಗೆ ಬಿಟ್ಟವರು ದೀಪ ಹಚ್ಚುವ ಹೊತ್ತಿಗೆ ತಲುಪುತ್ತಿದ್ದರು. ಹುಟ್ಟು ಹಾಕಿಕೊಂಡು ಹೋಗೋಣವೆಂದರೆ ನಡುನೀರಿನ ಗಾಳಿ ದೋಣಿಯನ್ನು ತನಗೆ ಬೇಕಾದ ಕಡೆಗೆ ಒಯ್ಯುತ್ತಿತ್ತು. ಒಮ್ಮೆ ಅಪ್ಪ ಹಾಗೆ ಹೊರಟು ಯಾವುದೋ ಊರಿನ ಸ್ಮಶಾನದ ಬಳಿ ದಡ ಸೇರಿದ್ದನ್ನು ಮನೆಯಲ್ಲಿ ಎಲ್ಲರೂ ನೆನೆಸಿಕೊಂಡು ನಗುತ್ತಿದ್ದರು.

ಅಪ್ಪನಿಗೆ ಮದುವೆ ಗೊತ್ತಾದ ಹೊಸತರಲ್ಲಿ ಈ ಮೋಟಾರು ಓಡುತ್ತಿತ್ತು. ಹಲಗೆ ದೋಣಿಯ ಹಿಂಬದಿಗೆ ಅದನ್ನು ಸಿಕ್ಕಿಸಿಕೊಂಡು, ಹಲಸಿನ ಹಣ್ಣು ಕೊಡುವ ನೆಪ, ಹಲಸಿನ ಕಾಲ ಮುಗಿದ ಮೇಲೆ ಸೌತೆಕಾಯಿ ಕೊಡುವ ನೆಪ ಮಾಡಿಕೊಂಡು ಆಚೆ ದಡಕ್ಕೆ ಹೋಗುತ್ತಿದ್ದನಂತೆ. ಸದ್ದು ಕೇಳಿದೊಡನೆ ಆ ಊರಿನವರೆಲ್ಲ ಅಳಿಯಂದ್ರು ಬಂದ್ರು ಎಂದು ನಗುತ್ತಿದ್ದರಂತೆ. ಅವ್ವ ಮದುವೆಗೆ ಒಪ್ಪಿದ್ದು ಅಪ್ಪನನ್ನು ನೋಡಿಯೋ ಮೋಟಾರನ್ನು ನೋಡಿಯೋ ಎಂದು ಚಿಕ್ಕಮ್ಮಂದಿರು ರೇಗಿಸಿದರೆ ಅವಳು ಮರೆಮಾಚದೆ, ಎರಡನ್ನೂ ನೋಡಿ ಎನ್ನುತ್ತಿದ್ದಳು. ಬೆಳಿಗ್ಗೆ ಹಾಲು ಕರೆದು ಹೊರಟರೆ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸು ತರುತ್ತೇನೆ, ತವರು ದೂರ ಅನ್ನಿಸುವುದೇ ಇಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದ. ಮೊದಲ ವರ್ಷ ಹಾಗೆಯೇ ನಡೆಯಿತು. ಆ ವರ್ಷದ ದಸರಾ ಕಳೆದ ಮೇಲೆ ಅಪ್ಪ ಹಗ್ಗ ಸುತ್ತಿ ಎಳೆದರೆ ಚಕ್ರ ಅಲುಗಲಿಲ್ಲ. ಪೇಟೆಯ ಒಬ್ಬನ ಹತ್ತಿರ ಹೊತ್ತೊಯ್ದ. ಅವನು ಚಕ್ರಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಇಬ್ಬರು ಆಳುಗಳನ್ನು ಅದಕ್ಕೆ ಜೋತುಬೀಳಿಸಿದ. ಎಲ್ಲಿ ಮುರಿದುಹೋಗುತ್ತದೋ ಎಂದು ಹೆದರಿದ ಅಪ್ಪ ಅದನ್ನು ಎತ್ತಿಕೊಂಡು ಬಂದು, ಕಂಬಳಿ ಹೊದಿಸಿ ಮಲಗಿಸಿದ. ಇನ್ನು ಯಾರ ಕೈಗೂ ಕೊಡುವುದಿಲ್ಲ ಎಂದ. ತಾನೂ ಮುಟ್ಟಲಿಲ್ಲ. ನಾನು ಹುಟ್ಟಿದ್ದು ಆಮೇಲೆ.

ಅವ್ವ ತವರಿಗೆ ಹೋಗದಂತೆ ಯಾರೂ ತಡೆದವರಲ್ಲ. ತಡೆದವಳು ಕೆಂದಿ ಎಂಬ ಹಸು. ಕೆಂದಿ ಅವ್ವನ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಇಳಿಸುತ್ತಿರಲಿಲ್ಲ. ಒಂದು ಸಲ ಅವ್ವ ತವರಿನಲ್ಲಿ ರಾತ್ರಿ ಉಳಿದಾಗ ಕೆಚ್ಚಲು ಬಾತು ಒಂದು ಮೊಲೆಯೇ ಬತ್ತಿಹೋಗಿತ್ತು. ಕರೆಯುವವಳ ಸೀರೆ ಉಟ್ಟುಕೊಂಡು ಕೂತರೆ ಹಸುಗಳು ಮೋಸಹೋಗುತ್ತವೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಅಕ್ಕಪಕ್ಕದ ಮನೆಗಳಲ್ಲಿ ಹಾಗೆ ಮಾಡುತ್ತಲೂ ಇದ್ದರು. ಆದರೆ ನಮ್ಮ ಮನೆಯಲ್ಲಿ ಇದ್ದ ಇನ್ನೊಂದು ಹೆಣ್ಣು ಜೀವ ಅಜ್ಜಿ. ತಾತ ಹೋದಾಗಿನಿಂದ ಅವಳು ಬಿಳಿ ಸೀರೆಯ ಹೊರತು ಬೇರೆ ಬಟ್ಟೆ ಮೈಗೆ ಸೋಕಿಸಿದವಳಲ್ಲ. ಅವಳಿಗೆ ಆ ಮಾತು ಹೇಳುವ ಬಾಯಿ ಯಾರಿಗಿತ್ತು. ಹಾಗಾಗಿ ಅವ್ವ ವರ್ಷಕ್ಕೊಮ್ಮೆ, ಕೆಂದಿ ಗಬ್ಬದಲ್ಲಿ ಹಾಲು ನಿಲ್ಲಿಸಿದ ತಿಂಗಳಲ್ಲಿ, ತವರಿಗೆ ಹೋಗಿ ಬರುತ್ತಿದ್ದಳು.

ಕಾಫಿ ಕುಯ್ಲು ಶುರುವಾದ ಒಂದು ಸಂಜೆ ಆಚೆ ದಡದಿಂದ ಸೋದರಮಾವ ಬಸ್ಸಿನಲ್ಲಿ ಬಂದ. ಕೈಕಾಲು ತೊಳೆದು ಬಂದವನಿಗೆ ಅವ್ವ ಕಡುಬು, ಏಡಿ ಸಾರು ಬಡಿಸಿದಳು. ಅವನು ತಟ್ಟೆಗೆ ಕೈ ಹಾಕದೆ ಕೂತ.

"ಅವ್ವನ ಕಣ್ಣು ಮಂಜಾಗ್ಬುಟ್ಟೈತೆ ಕಣಕ್ಕ. ಸಕ್ಕರೆ ಕಾಯ್ಲೆ ಕಣ್ಣಿಗೆ ಇಳ್ದೈತಂತೆ. ಇನ್ನು ತಿಳಿಯಾಗಾಕಿಲ್ಲ ಅಂದ್ಬುಟ್ರು ಡಾಕ್ಟ್ರು. ಹತ್ರ ಮಕ ತಂದ್ರೆ ಗೊತ್ತಾಯ್ತೈತೆ, ಅದೂ ಬಿಸ್ಲಲ್ಲಿ. ಅದೂ ಎಷ್ಟು ದಿನವೋ."

"ಅವ್ವ ಏನಂದ್ಲು?" ಎಂದಳು ನನ್ನ ಅವ್ವ.

"ಸರೋಜನ ಮಕ ಮರ್ತೋಗಂಗಾಯ್ತೈತೆ, ಕಣ್ಣು ಪೂರ್ತಿ ಹೋಗೋದ್ರೊಳಗೆ ನೋಡ್ಬೇಕು ಅಂತಾಳೆ."

ಅಪ್ಪ ತಕ್ಷಣ, "ನಾಳೆನೇ ಬಸ್ಸಿಗೆ ಹೋಗ್ ಬಾ. ಕೆಂದಿದು ಹೆಂಗೋ ಆಯ್ತೈತೆ" ಎಂದ. ಅಜ್ಜಿಯೂ, "ಹೋಗ್ಬಾರವ್ವ, ಹೆತ್ತೋಳು" ಎಂದಳು. ಅವ್ವ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ನಾನು ಅವಳ ಮುಖ ನೋಡುತ್ತಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೌಟನ್ನು ಪಾತ್ರೆಯಲ್ಲಿಟ್ಟು, ಯಾರ ಕಡೆಗೂ ನೋಡದೆ, ನಡುಮನೆಯ ಕಡೆಗೆ ಕೈ ತೋರಿಸಿದಳು.

"ಒಂದ್ಸಲ ನೋಡ್ಕಂಡು ಬಂದು ಏನ್ ಮಾಡ್ಲಿ. ಕಣ್ಣು ಇರೋಗಂಟ ವಾರ ವಾರ ನೋಡ್ಬೇಕು ನಂಗೆ. ಅದನ್ನ ಬಿಚ್ರಿ."

ನಮ್ಮ ಮನೆಯಲ್ಲಿ ಅವ್ವ ಏನನ್ನಾದರೂ ಬೇಕು ಎಂದು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ಮಾತಿನ ಮನುಷ್ಯ. ಯಾವುದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುತ್ತಿದ್ದವನು ಅಂದು ತಲೆ ಬಗ್ಗಿಸಿ ಊಟ ಮಾಡಿದ. ಮರುದಿನ ಕುಯ್ಲಿನ ಆಳುಗಳನ್ನು ಮಾವನ ಸುಪರ್ದಿಗೆ ಬಿಟ್ಟು ಸಕಲೇಶಪುರಕ್ಕೆ ಹೋದ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಸ್ಕೂಟರ್ ರಿಪೇರಿ ಮಾಡುವ ಮಂಜಣ್ಣ ಅವನ ಶಾಲೆಯ ಜೊತೆಗಾರ. ಸಂಜೆ ಒಂದು ಚೀಲದಲ್ಲಿ ಪಾನಾಗಳು, ಉಪ್ಪುಕಾಗದ, ಪ್ಯಾಕಿಂಗ್ ಹಾಳೆ, ಒಂದು ಡಬ್ಬ ಆಯಿಲು, ತಲೆತುಂಬ ಮಂಜಣ್ಣನ ಮಾತು ತುಂಬಿಕೊಂಡು ಬಂದ. ಇದೂ ಸ್ಕೂಟರಿನ ಹಾಗೆಯೇ ಪೆಟ್ರೋಲಿಗೆ ಆಯಿಲು ಬೆರೆಸಿ ಓಡಿಸುವ ಇಂಜಿನ್ನಂತೆ. ಸಿಲಿಂಡರಿನ ಒಳಗೆ ಪಿಸ್ಟನ್ ಕಚ್ಚಿಕೊಂಡಿದೆಯಂತೆ. ಮೇಲಿನ ಹೆಡ್ ಬಿಚ್ಚಿ ಡೀಸೆಲ್ಲು ಸೀಮೆಎಣ್ಣೆ ಸುರಿದು ನೆನೆಯಲು ಬಿಡಬೇಕಂತೆ. ಸುತ್ತಿಗೆ ಮುಟ್ಟಿಸಲೇಬಾರದಂತೆ. ಕುಯ್ಲು ಮುಗಿಯಲಿ, ನಾನೇ ಬರುತ್ತೇನೆ ಎಂದೂ ಹೇಳಿದ್ದನಂತೆ ಮಂಜಣ್ಣ. ಅವ್ವ ಅಷ್ಟನ್ನೂ ಕೇಳಿ, "ಕುಯ್ಲು ಮುಗಿಯೋಗಂಟ ಕಣ್ಣು ಕಾಯ್ತೈತಾ" ಎಂದು ಸೆರಗು ಸಿಕ್ಕಿಸಿದಳು.

ಕಂಬಳಿ ತೆಗೆದರು. ಹೆಡ್ಡಿನ ಬೋಲ್ಟುಗಳು ತುಕ್ಕು ಹಿಡಿದು ಒಂದೊಂದೂ ಒಂದೊಂದು ಹಟ ಹಿಡಿದವು. ಅಪ್ಪ ಪಾನಾ ಹಾಕಿ ತಿರುಗಿಸುವುದು, ಅವ್ವ ಹರಳೆಣ್ಣೆಯ ಬಟ್ಟೆ ಸುತ್ತುವುದು, ಮತ್ತೆ ಅಪ್ಪ ತಿರುಗಿಸುವುದು. ಕೊನೆಗೆ ಹೆಡ್ ಕಳಚಿ ಬಂತು. ಒಳಗೆ ದುಂಡಗಿನ ಬಾವಿಯಂಥ ಒಂದು ತೂತು. ಅದರೊಳಗೆ ಕಂದು ಬಣ್ಣದ ಗಟ್ಟಿ ಗಸಿ. ಬೆಲ್ಲದ ಪಾಕ ತಳ ಹತ್ತಿದಾಗ ಪಾತ್ರೆಯಲ್ಲಿ ಉಳಿಯುತ್ತದಲ್ಲ, ಹಾಗೆ. ಅವ್ವ ಉಗುರಿನಿಂದ ಕೆರೆದಳು. ತುಂಡೊಂದು ಕಿತ್ತು ಬಂತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಗಸಿಯೊಳಗೆ ಅಕ್ಕಿಕಾಳುಗಳಿದ್ದವು. ಕಪ್ಪಾಗಿದ್ದರೂ ಅಕ್ಕಿಯೇ. ಮತ್ತೊಂದು ತುಂಡಿನಲ್ಲಿ ಅರಿಶಿನದ ಹಳದಿ ಇನ್ನೂ ಉಳಿದಿತ್ತು.

ಮೊದಲು ಅರ್ಥವಾದದ್ದು ನನಗೆ. ನಾನು ಆಯುಧಪೂಜೆಯನ್ನು ಎಂದೂ ಬಿಟ್ಟವಳಲ್ಲ. ಆ ದಿನ ಅಂಗಳದಲ್ಲಿ ಕತ್ತಿ, ಗುದ್ದಲಿ, ಕಾಫಿಗೆ ಔಷಧಿ ಹೊಡೆಯುವ ಪಂಪು ಎಲ್ಲ ಸಾಲಾಗಿ ಕೂತರೂ ಅಜ್ಜಿಯ ನಿಜವಾದ ಪೂಜೆ ನಡುಮನೆಯಲ್ಲಿ ನಡೆಯುತ್ತಿತ್ತು. ಮೋಟಾರನ್ನು ಬಹಳ ದಿನ ಇಡುವುದಾದರೆ ಪ್ಲಗ್ ಬಿಚ್ಚಿ ಬೇರೆ ಇಡಬೇಕು ಎಂದು ಯಾರೋ ಹೇಳಿದ್ದನ್ನು ಅಪ್ಪ ಮೊದಲಿನಿಂದ, ಅದು ಓಡುತ್ತಿದ್ದ ವರ್ಷದ ಮಳೆಗಾಲದಲ್ಲೂ, ಪಾಲಿಸಿಕೊಂಡು ಬಂದಿದ್ದ. ಬಿಚ್ಚಿದ ಪ್ಲಗ್ಗನ್ನು ಅಜ್ಜಿ, ಬೆಂಕಿ ಕೊಡುವುದೇ ಇದು, ಇದೇ ಇದರ ಜೀವ ಎಂದು ದೇವರ ಕೋಣೆಯಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟಿದ್ದಳು. ಪ್ಲಗ್ ತೆಗೆದ ಜಾಗದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಅಂಗಾತ ಮಲಗಿದ್ದರಿಂದ ಮೇಲ್ಮುಖವಾಗಿ ತೆರೆದಿರುತ್ತಿತ್ತು. ಅಜ್ಜಿಗೆ ಅದು ಬಾಯಿ. ಅಭಿಷೇಕ ಮಾಡಿ, ವಿಭೂತಿ ಹಚ್ಚಿ, ಹೂವಿಟ್ಟು, ಕೊನೆಯಲ್ಲಿ ಆ ಬಾಯಿಗೆ ಒಂದು ಉದ್ಧರಣೆ ಪಂಚಾಮೃತ, ನಾಲ್ಕು ಕಾಳು ಅಕ್ಷತೆ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ನಾವೆಲ್ಲ ಕೈ ಮುಗಿದು ಸುತ್ತ ನಿಂತಿರುತ್ತಿದ್ದೆವು. ಅಪ್ಪನೂ ನಿಂತಿರುತ್ತಿದ್ದ. ದೇವರಿಗೆ ನೈವೇದ್ಯ ಮಾಡಿದಷ್ಟೇ ಸಹಜವಾಗಿ ಅದು ನಡೆದುಹೋಗುತ್ತಿತ್ತು. ಅವ್ವನೇ ಆ ಪಂಚಾಮೃತ ಕಲಸಿಕೊಡುತ್ತಿದ್ದಳು.

ಅವ್ವ ಅಂಗೈ ಮುಚ್ಚದೆ ದೇವರ ಕೋಣೆಯ ಬಾಗಿಲಿಗೆ ಹೋದಳು. ಅಜ್ಜಿ ಬತ್ತಿ ಹೊಸೆಯುತ್ತಿದ್ದಳು.

"ಅತ್ತೆ, ಇದೇನು ನೋಡಿ."

ಅಜ್ಜಿ ನೋಡಿದಳು. ಕೈಯಲ್ಲಿದ್ದ ಬತ್ತಿ ಕೆಳಗಿಟ್ಟಳು.

"ಅಕ್ಷತೆ."

"ಮದ್ವೆಯಾಗಿ ಬಂದ ವರ್ಷ ನಿಂತೋಯ್ತಲ್ಲ, ಅವತ್ತಿಂದ ನನ್ನ ತವರು ಇದ್ರೊಳಗೆ ಕೂತಿತ್ತು."

"ನನ್ ಮಗ ಅಷ್ಟು ನೀರ್ ಮೇಲೆ ಓಡಾಡೋನು ಕಣೆ. ಇದು ನಡುನೀರಲ್ಲಿ ಕೈ ಬುಡದಿರ್ಲಿ ಅಂತ ಉಣ್ಸಿದ್ದು. ಕೆಡ್ಲಿ ಅಂತ ಉಣ್ಸ್ಲಿಲ್ಲ."

ಅವ್ವ ಆ ತುಂಡನ್ನು ಹೊಸಿಲ ಮೇಲೆ ಇಟ್ಟಳು. ಅಪ್ಪ ನಗಿಸಲೆಂದು, "ಪಂಚಾಮೃತ ಕುಡ್ದು ಜೀರ್ಣ ಆಗದೆ ಮಲಗೈತೆ ಮಾರಾಯ" ಎಂದ. ಇಬ್ಬರೂ ಅವನ ಕಡೆ ನೋಡಿದ ನೋಟಕ್ಕೆ ಅವನು ಅಂಗಳಕ್ಕೆ ಇಳಿದುಹೋದ. ಅಂದಿನಿಂದ ಅತ್ತೆ ಸೊಸೆಯ ನಡುವೆ ಮಾತು ನಿಂತಿತು. ನಮ್ಮ ಮನೆಯಲ್ಲಿ ಜಗಳ ಎಂದರೆ ಕೂಗಾಟವಲ್ಲ. ಅವ್ವ ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ಅಜ್ಜಿಯ ತಟ್ಟೆಗೆ ಹಾಕುತ್ತಿದ್ದಳು, ಇನ್ನೊಂದು ಬೇಕೇ ಎಂದು ಕೇಳುತ್ತಿರಲಿಲ್ಲ. ಅಜ್ಜಿ ಅವ್ವನ ಪಾಲಿನ ಕಾಫಿ ಹಣ್ಣನ್ನೂ ಅಂಗಳದಲ್ಲಿ ಹರವಿ ಬರುತ್ತಿದ್ದಳು, ಹರವಿದೆ ಎಂದು ಹೇಳುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ನೀರು ನುಂಗುವ ಸದ್ದು ಕೇಳಿಸುತ್ತಿತ್ತು. ಅಷ್ಟು ದಿನ ಮೋಟಾರಿಗೆ ಹೆದರುತ್ತಿದ್ದ ನಾನು ಆಗ ಈ ಇಬ್ಬರು ಹೆಂಗಸರಿಗೆ ಹೆದರಲು ಶುರುಮಾಡಿದೆ. ಇಬ್ಬರೂ ಸರಿ ಎಂದು ನನಗೆ ಅನ್ನಿಸುತ್ತಿತ್ತು, ಅದೇ ಕಷ್ಟವಾಗಿತ್ತು.

ಈ ನಡುವೆ ಮೋಟಾರಿನ ಉಪಚಾರ ನಿಲ್ಲಲಿಲ್ಲ. ಗಸಿಯನ್ನು ಬಿಸಿನೀರಿನಲ್ಲಿ ನೆನೆಸಿ ಕೆರೆದು ತೆಗೆದಾದ ಮೇಲೆ, ಸಂಜೆ ಅದನ್ನು ಮಲಗಿಸಿ ತೆರೆದ ಬಾಯಿಗೆ ಡೀಸೆಲ್ಲು ಸೀಮೆಎಣ್ಣೆ ಬೆರೆಸಿ ಸುರಿಯುವುದು, ಬೆಳಿಗ್ಗೆ ಅದನ್ನು ಬಸಿದು, ನಿಲ್ಲಿಸಿ, ಅಡುಗೆಮನೆಯ ಪಡಸಾಲೆಯ ಕಂಬಕ್ಕೆ ಕಟ್ಟಿ ತಿರುಗಿಸಲು ನೋಡುವುದು. ಮನೆಯ ತುಂಬ ಸೀಮೆಎಣ್ಣೆ ವಾಸನೆ. ರೊಟ್ಟಿಗೂ ಅದೇ, ತಲೆದಿಂಬಿಗೂ ಅದೇ. ಅಪ್ಪ ಕುಯ್ಲಿಗೆ ಹೋದ ಮೇಲೆ ಅವ್ವ ಎರಡೂ ಕೈಯಿಂದ ಚಕ್ರ ಹಿಡಿದು ಮೈಭಾರ ಹಾಕಿ ತಿರುಗಿಸುತ್ತಿದ್ದಳು. ಕೈ ಜಾರಿ ಬೆರಳು ತರಚುತ್ತಿತ್ತು. ಚಕ್ರ ಕಲ್ಲಿನಂತೆ ಕೂತಿತ್ತು. ಒಂದು ಬೆಳಿಗ್ಗೆ ಅವ್ವ ಹಾಗೆ ತಿಣುಕುತ್ತಿರುವಾಗ ಅಜ್ಜಿ ಅದೇ ಪಡಸಾಲೆಯ ಇನ್ನೊಂದು ಕಂಬದ ಬಳಿ ಮಜ್ಜಿಗೆ ಕಡೆಯುತ್ತಿದ್ದಳು. ಕಡೆಗೋಲಿಗೆ ಸುತ್ತಿದ ಹಗ್ಗದ ಎರಡು ತುದಿ ಎರಡು ಕೈಯಲ್ಲಿ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅವಳ ಕೈ ನಿಂತಿತು.

"ಒಂದೇ ಕಡೀಕೆ ತಿರುಗ್ಸಿದ್ರೆ ಬೆಣ್ಣೆ ಬರ್ತೈತೇನೆ ಸರೋಜ."

ಅವ್ವ ತಿರುಗಿ ನೋಡಿದಳು. ಅಜ್ಜಿ ಆಗಲೇ ಕಡೆಗೋಲಿನಿಂದ ಹಗ್ಗ ಬಿಚ್ಚಿಕೊಂಡು ಏಳುತ್ತಿದ್ದಳು. ಮೋಟಾರನ್ನು ನಿಲ್ಲಿಸಿದಾಗ ಅದರ ಚಕ್ರ ಕಡೆಗೋಲಿನ ಹಾಗೆಯೇ ನೆಟ್ಟಗೆ ನಿಂತ ಕಂಬಿಯ ಮೇಲೆ ಕೂತಿರುತ್ತದೆ ಎಂಬುದು ಅಷ್ಟು ದಿನ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಜ್ಜಿ ಬೆಣ್ಣೆ ಮೆತ್ತಿದ ಆ ಹಗ್ಗವನ್ನು ಬೂದಿಯಲ್ಲಿ ಉಜ್ಜಿ ಜಿಡ್ಡು ತೆಗೆದು ಚಕ್ರದ ಸುತ್ತಿನ ಕಾಲುವೆಗೆ ಬಿಗಿಯಾಗಿ ಸುತ್ತಿದಳು. ಒಂದು ತುದಿ ಅವ್ವನ ಕೈಗೆ ಕೊಟ್ಟಳು. ಇನ್ನೊಂದು ತುದಿ ಹಿಡಿದು ಎದುರಿಗೆ ಕೂತು ನೆಲಕ್ಕೆ ಕಾಲು ಒದೆಕೊಟ್ಟಳು. ಮದುವೆಮನೆಗಳಲ್ಲಿ ದೊಡ್ಡ ಗುಡಾಣ ಇಟ್ಟುಕೊಂಡು ಇಬ್ಬರು ಹೆಂಗಸರು ಮಜ್ಜಿಗೆ ಕಡೆಯುತ್ತಾರಲ್ಲ, ಹಾಗೆ ಕೂತರು. ಅವ್ವ ಎಳೆದಳು, ಅಜ್ಜಿ ಎಳೆದಳು. ಎಳೆತ ಬಲವಾಗಿರಲಿಲ್ಲ. ಮಾತಿಲ್ಲದೆ, ಒಬ್ಬಳು ಸಡಿಲಿಸಿದಾಗ ಇನ್ನೊಬ್ಬಳು ಬಿಗಿ ಮಾಡುತ್ತ, ದಿನವೂ ಮಜ್ಜಿಗೆಯ ಹೊತ್ತಿಗೆ ಅವರು ಹೀಗೆ ಕೂತರು.

ನನ್ನನ್ನು ಸಿಲಿಂಡರಿನ ಬಾಯಿಯ ಮುಂದೆ ಕೂರಿಸಿದ್ದರು, ಒಳಗೆ ನೋಡುತ್ತಿರು ಎಂದು. ದಿನಗಟ್ಟಲೆ ನಾನು ಪಿಸ್ಟನ್ನಿನ ತಟ್ಟೆಯಂಥ ಬೆನ್ನನ್ನೂ ಅದರ ಅಂಚಿನ ತುಕ್ಕಿನ ಗೆರೆಯನ್ನೂ ನೋಡಿದೆ. ಒಂದು ದಿನ ಆ ಗೆರೆ ಇದ್ದ ಜಾಗದಲ್ಲಿ ಇರಲಿಲ್ಲ. ಕಣ್ಣು ಮಿಟುಕಿಸಿದೆ. ಗೆರೆ ಕೂದಲೆಳೆಯಷ್ಟು ಒಳಗೆ ಹೋಗಿತ್ತು. ಅಜ್ಜಿ ಎಳೆದಳು, ಅದು ಹೊರಗೆ ಬಂತು. ಅವ್ವ ಎಳೆದಳು, ಒಳಗೆ ಹೋಯಿತು. ನಾನು ಇನ್ನಷ್ಟು ಬಗ್ಗಿ ನೋಡಿದೆ. ಸತ್ತದ್ದು ಎಂದುಕೊಂಡಿದ್ದ ಒಂದು ವಸ್ತು, ನಾನು ಹುಟ್ಟುವ ಮೊದಲೇ ನಿದ್ದೆಹೋಗಿದ್ದದ್ದು, ಇಬ್ಬರು ಹೆಂಗಸರ ನಡುವೆ ನನ್ನ ಕಣ್ಣೆದುರಿಗೆ ಉಸಿರಾಡುತ್ತಿತ್ತು. ನಾನು ಆಮೇಲೆ ದೊಡ್ಡ ಊರುಗಳನ್ನು ನೋಡಿದ್ದೇನೆ, ದೊಡ್ಡ ಯಂತ್ರಗಳನ್ನೂ ನೋಡಿದ್ದೇನೆ. ಅಂಥ ಬೆರಗು ಮತ್ತೆ ನನ್ನ ಪಾಲಿಗೆ ಬರಲಿಲ್ಲ. ಈಗಲೂ ಹಿಡಿದ ಬೀಗವಾಗಲಿ ಮುನಿಸಿಕೊಂಡ ಮನುಷ್ಯರಾಗಲಿ, ಒಂದೇ ಕಡೆಗೆ ನೂಕುವ ಧೈರ್ಯ ನನಗೆ ಬರುವುದಿಲ್ಲ.

"ಅಲ್ಲಾಡ್ತು" ಎಂದೆ ಕೊನೆಗೆ.

ಅವ್ವ ಹಗ್ಗ ಬಿಡಲಿಲ್ಲ. ಅಜ್ಜಿಯ ಕಡೆ ನೋಡಿ, "ಅತ್ತೆ, ಕೈ ನೋಯ್ತೈತಾ? ಸಾಕು ಮಾಡಾನಾ?" ಎಂದಳು.

"ನಂಗೇನ್ ನೋವು. ಎಳಿ."

ಅವರು ಎಳೆಯುತ್ತಲೇ ಇದ್ದರು. ಅಲ್ಲಾಡಿದ್ದು ಕಾಲು ಸುತ್ತಾಯಿತು, ಅರ್ಧ ಸುತ್ತಾಯಿತು, ಕೆಲವು ದಿನಗಳಲ್ಲಿ ಚಕ್ರ ಪೂರ್ತಿ ತಿರುಗಿತು. ಸುದ್ದಿ ಕೇಳಿ ಮಂಜಣ್ಣ ಒಂದು ಭಾನುವಾರ ತಾನೇ ಬಂದ. ಒಳಗೆ ಬೆರಳಾಡಿಸಿ ನೋಡಿ, "ತುಪ್ಪ ಸಕ್ಕರೆ ಬಿದ್ದಿದ್ದು ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಕಣ್ರೀ. ಗಸಿ ಅಂಟ್ಕಂಡು ಮೇಲುಗಡೆ ಗೋಡೆ ತುಕ್ಕು ತಿಂದಿಲ್ಲ" ಎಂದ. ಅದು ನಿಜವೋ ಅಜ್ಜಿಗೆ ಸಮಾಧಾನವಾಗಲಿ ಎಂದು ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿ ಅವನಿಗೆ ಎರಡು ಲೋಟ ಕಾಫಿ ಕೊಟ್ಟಳು. ಅವನು ಕಿಡಿ ಹೊಡೆಯುವ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿದ, ಹೊಸ ಪ್ಯಾಕಿಂಗ್ ಕತ್ತರಿಸಿ ಹೆಡ್ ಕೂರಿಸಿದ. ಪ್ಲಗ್ ಎಲ್ಲಿ ಎಂದಾಗ ಅಜ್ಜಿ ದೇವರ ಕೋಣೆಯಿಂದ ತಂದಳು. ಮಂಜಣ್ಣ ಅದರ ಮೇಲಿನ ಕುಂಕುಮವನ್ನು ಒರೆಸಬೇಕೋ ಬೇಡವೋ ಎಂದು ಅವಳ ಮುಖ ನೋಡಿದ. ಅಜ್ಜಿಯೇ ಅದನ್ನು ಇಸಿದುಕೊಂಡು ತನ್ನ ಸೆರಗಿನಿಂದ ಚೊಕ್ಕಟವಾಗಿ ಒರೆಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ಕೆಂದಿಯ ಹಾಲು ಕರೆದು ಅವ್ವ, ಅಪ್ಪ, ನಾನು ನೀರಿಗೆ ಇಳಿದೆವು. ಅಜ್ಜಿ ದಡದವರೆಗೂ ಬಂದಳು. ಅಪ್ಪ ಹಗ್ಗ ಸುತ್ತಿ ಎಳೆದ. ಏನೂ ಆಗಲಿಲ್ಲ. ಎಳೆದು ಎಳೆದು ಅವನ ಬೆನ್ನು ಒದ್ದೆಯಾಯಿತು. ಒಂದು ಸಲ ಕೆಮ್ಮಿದ ಹಾಗೆ ಮಾಡಿ ನೀಲಿ ಹೊಗೆ ಉಗುಳಿ ಸುಮ್ಮನಾಯಿತು. ಅಪ್ಪ ಮೂಗು ಮುಖ ಒರೆಸಿಕೊಂಡು ಕೂತುಬಿಟ್ಟ. ಅವ್ವ ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. ಚಕ್ರವನ್ನು ಮೊದಲು ಹಿಂದಕ್ಕೆ ಸ್ವಲ್ಪ, ಮುಂದಕ್ಕೆ ಸ್ವಲ್ಪ ಆಡಿಸಿದಳು, ಅದನ್ನು ಮಾತಾಡಿಸುವವಳ ಹಾಗೆ. ಆಮೇಲೆ ಎಳೆದಳು. ಇಡೀ ನೀರು ನಡುಗುವಂಥ ಸದ್ದು ಎದ್ದಿತು. ಬೆಳ್ಳಕ್ಕಿಗಳು ಮುಳುಗಿದ ಮರಗಳ ತುದಿಯಿಂದ ಒಟ್ಟಿಗೆ ಹಾರಿದವು. ಕಾಫಿ ಕುಯ್ಯುತ್ತಿದ್ದ ಆಳುಗಳು ಬುಟ್ಟಿ ಬಿಟ್ಟು ಓಡಿ ಬಂದರು. ನಾನು ಹಲಗೆಯನ್ನು ಅಪ್ಪಿ ಹಿಡಿದೆ, ಸದ್ದು ಹಲಗೆಯಿಂದ ನನ್ನ ಹಲ್ಲಿಗೆ ಬರುತ್ತಿತ್ತು. ನಡುಮನೆಯಲ್ಲಿ ಮಲಗಿದ್ದುದರ ದನಿ ಇದು ಎಂದು ಗೊತ್ತಾದಾಗ ನನಗೆ ಅಳು ಬಂತು.

ದೋಣಿ ಹೊರಡುವ ಮೊದಲು ಅಜ್ಜಿ ನೀರಿಗೆ ಕಾಲಿಟ್ಟು ಹತ್ತಿರ ಬಂದಳು. ಸದ್ದಿನ ನಡುವೆ ಕೂಗಿ ಹೇಳಿದಳು.

"ಸಂಜೆಗೆ ಬರ್ಬ್ಯಾಡ. ಅವ್ವನ ಜೊತೆ ನಾಕು ದಿನ ಇದ್ದು ಬಾ."

"ಕೆಂದಿ ಅತ್ತೆ?"

"ನಿನ್ ಹಸ್ರು ಸೀರೆ, ಹಾಲ್ ಕರೆಯಾಕೆ ಉಡ್ತೀಯಲ್ಲ, ಅದು ಎಲ್ಲೈತೆ?"

ಅವ್ವ ಅವಳನ್ನೇ ನೋಡಿದಳು. ಅಪ್ಪ ಮುಖ ಆ ಕಡೆ ತಿರುಗಿಸಿದ. ಅಜ್ಜಿ ತನ್ನ ಬಿಳಿ ಸೀರೆಯ ನೆರಿಗೆಯನ್ನು ನೀರಿನಿಂದ ಎತ್ತಿ ಹಿಡಿದು, ಕಾಫಿ ಆಳುಗಳೆಲ್ಲ ಕೇಳುವಂತೆ ಮತ್ತೊಮ್ಮೆ ಕೇಳಿದಳು, "ಎಲ್ಲೈತೆ ಹೇಳೆ." ಕೊಟ್ಟಿಗೆಯ ಗೂಟದಲ್ಲಿದೆ ಎಂದಳು ಅವ್ವ. ಅವಳ ದನಿ ಸದ್ದಿನಲ್ಲಿ ಕೇಳಿಸಲಿಲ್ಲ, ತುಟಿ ನೋಡಿಯೇ ಅಜ್ಜಿ ತಲೆಯಾಡಿಸಿದಳು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಇವತ್ತಿನವರು ಕೇಳಬಹುದು. ಮಾಡಬಹುದಿತ್ತು. ಆ ಕಾಲದಲ್ಲಿ ಗಂಡ ಸತ್ತ ಹೆಂಗಸು ಊರವರ ಎದುರು ಸೊಸೆಯ ಹಸಿರು ಸೀರೆ ಉಡುವುದು ಎಂದರೆ ಏನು ಎಂದು ಬಲ್ಲವರು ಹಾಗೆ ಕೇಳುವುದಿಲ್ಲ.

ನಡುನೀರಿನಲ್ಲಿ ಗಾಳಿ ಇತ್ತು. ದೋಣಿ ಅದನ್ನು ಸೀಳಿಕೊಂಡು ನೆಟ್ಟಗೆ ಹೋಯಿತು. ಹಿಂದೆ ಮೋಟಾರಿನ ಬದಿಯ ತೂತಿನಿಂದ ನೀರು ಸಣ್ಣಗೆ ಚಿಮ್ಮುತ್ತಿತ್ತು, ಹಾಗೆ ಚಿಮ್ಮಿದರೆ ಇಂಜಿನ್ ಬಿಸಿಯಾಗುವುದಿಲ್ಲ ಎಂದು ಮಂಜಣ್ಣ ಹೇಳಿದ್ದ. ಅವ್ವ ಅದನ್ನು ನೋಡಲಿಲ್ಲ. ಮುಂದಿನ ಹಲಗೆಯ ಮೇಲೆ ಕೂತು ಆಚೆ ದಡವನ್ನೇ ನೋಡುತ್ತಿದ್ದಳು. ಕೈಯಲ್ಲಿ ಎಣ್ಣೆ ಮಸಿ, ಉಗುರಿನ ಸಂದಿಯಲ್ಲಿ ತುಕ್ಕು. ತವರಿಗೆ ಹೋಗುವವಳು ಹೂ ಮುಡಿಯುವುದನ್ನೂ ಮರೆತಿದ್ದಳು. ಇಷ್ಟು ದಿನ ತೆಗೆದುಕೊಂಡೆವಲ್ಲ, ಅಷ್ಟರಲ್ಲಿ ಕಣ್ಣು ಹೋಗಿದ್ದರೆ ಎಂದು ಒಂದು ಸಲ ಕೇಳಿದಳು. ಯಾರನ್ನು ಕೇಳಿದಳೋ, ಅಪ್ಪ ಮೋಟಾರಿನ ವೇಗ ಏರಿಸಿದ.

ಆಚೆ ದಡದಲ್ಲಿ ಜನ ನಿಂತಿದ್ದರು. ಮುಂದೆ ಮಾವ, ಅವನ ಭುಜ ಹಿಡಿದು ಆಚೆದಡದಜ್ಜಿ. ಸದ್ದು ಕೇಳಿದೊಡನೆ ಒಲೆ ಮುಂದಿನಿಂದ ಎದ್ದು, ಅಳಿಯಂದ್ರು ಬಂದ್ರು, ಕರ್ಕಂಡೋಗು ಎಂದಳಂತೆ. ಅವಳು ನೋಡುತ್ತಿದ್ದದ್ದು ನಮ್ಮನ್ನಲ್ಲ, ನಮ್ಮಿಂದ ಬಹಳ ಪಕ್ಕಕ್ಕೆ, ಬರಿಯ ನೀರನ್ನು. ಅಪ್ಪ ಮೋಟಾರು ನಿಲ್ಲಿಸಿದ. ಒಮ್ಮೆಲೇ ಎಲ್ಲ ನಿಶ್ಶಬ್ದವಾಯಿತು. ಅವ್ವ ದೋಣಿ ದಡ ಮುಟ್ಟುವ ಮೊದಲೇ ಮೊಣಕಾಲು ನೀರಿಗೆ ಇಳಿದು ಹೋಗಿ ಅವಳ ಮುಂದೆ ನಿಂತಳು. ತಾನೇ ಸರೋಜ ಎಂದು ಹೇಳಲಿಲ್ಲ. ಹೇಳಿದರೆ ದನಿಯಿಂದ ಗುರುತು ಹಿಡಿದಾಳು ಎಂದು ಬೇಕೆಂದೇ ಸುಮ್ಮನಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ಆಚೆದಡದಜ್ಜಿ ಎರಡೂ ಕೈಯಲ್ಲಿ ಅವ್ವನ ಮುಖ ಹಿಡಿದಳು. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಬಿಸಿಲು ಬೀಳುವ ಕಡೆಗೆ ತಂದು ನಿಲ್ಲಿಸಿದಳು. ತನ್ನ ಮುಖವನ್ನು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದು ನೋಡಿದಳು. ಅವಳ ಕಣ್ಣು ಅವ್ವನ ಹಣೆಯಿಂದ ಮೇಲಕ್ಕೆ ಹೋಗಿ ಬೈತಲೆಯಲ್ಲಿ ನಿಂತಿತು.

"ಇದೇನೇ ಸರೋಜ, ತಲೆ ನೆರ್ತೈತಲ್ಲೇ. ಎಣ್ಣೆ ಹಚ್ಚಾಕೂ ಪುರುಸೊತ್ತಿಲ್ವೇನೆ ನಿಂಗೆ."

ಅವ್ವ ಆ ಕೆಸರಿನಲ್ಲೇ ಕೂತುಬಿಟ್ಟಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಇನ್ನೊಮ್ಮೆ ನೋಡಿಲ್ಲ. ಎಣ್ಣೆ ಮಸಿಯ ಕೈಯಿಂದಲೇ ತುರುಬು ಬಿಚ್ಚಿದಳು, ತಾಯಿಯನ್ನು ಎಳೆದು ಪಕ್ಕದ ಕಲ್ಲಿನ ಮೇಲೆ ಕೂರಿಸಿದಳು, ಅವಳ ಮಡಿಲಿಗೆ ತಲೆ ಬಗ್ಗಿಸಿದಳು.

"ಎಷ್ಟವೆ ನೋಡವ್ವ. ಸರ್ಯಾಗಿ ನೋಡು. ಒಂದೊಂದೇ ಎಣ್ಸು."

ಆಚೆದಡದಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಿಸಿಲಿಗೆ ಬೆನ್ನು ಮಾಡಿ ಕೂತು, ಅವ್ವನ ಕೂದಲು ಬಿಡಿಸಿ ಎಣಿಸತೊಡಗಿದಳು.